ಚಾಂಪಿಯನ್ ರೀಫ್ಸ್‌ನಲ್ಲಿ ಒಂದು ಆಯಿಲ್ ಕೂಲರ್

ಬೆಂಗಳೂರಿನಿಂದ ಚೆನ್ನೈ ಮಾರ್ಗದಲ್ಲಿ ಸುಮಾರು 70 ಕಿ.ಮೀ. ಸಾಗಿದರೆ ಬಂಗಾರಪೇಟೆ ಜಂಕ್ಷನ್ ಸಿಗುತ್ತದೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಒಂದು ಕಾಲಕ್ಕೆ ಇದು ಬೌರಿಂಗ್‌ಪೇಟೆ. ಇಲ್ಲಿಂದ ಕವಲೊಡೆಯುವ ಪುಟ್ಟ ರೈಲುಮಾರ್ಗವೊಂದು ಕೋರಮಂಡಲ, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಇಡೀ ಹಾದಿಯ ಉದ್ದ ಹದಿನಾರು ಕಿಲೋಮೀಟರಿನಷ್ಟು. 1894ರಲ್ಲಿ ಈ ಹಾದಿಯನ್ನು ಹಾಕಿದ್ದೇ ಚಿನ್ನದ ಗಣಿಗಳಿಗಾಗಿ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ರೈಲು ಮಾತ್ರ ಇಂದಿಗೂ ಬೆಳಿಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಹೊತ್ತೊಯ್ದು, ರಾತ್ರಿ ತೂಕಡಿಸುತ್ತಿರುವ ಅದೇ ಜನರನ್ನು ತಂದು ಬಿಡುತ್ತದೆ.

ಚಾಂಪಿಯನ್ ನಿಲ್ದಾಣದಲ್ಲಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ದಿಬ್ಬಗಳು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಮಣ್ಣನ್ನು ದಶಕಗಳ ಕಾಲ ಗುಡ್ಡೆ ಹಾಕಿದ್ದಾರೆ. ಊರಿನವರು ಇವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ದಿಬ್ಬಗಳ ನಡುವೆ ಅಲ್ಲಲ್ಲಿ ಉಕ್ಕಿನ ಗೋಪುರಗಳು, ಅವುಗಳ ನೆತ್ತಿಯಲ್ಲಿ ತಿರುಗುವುದನ್ನು ನಿಲ್ಲಿಸಿದ ದೊಡ್ಡ ಚಕ್ರಗಳು. ಆ ಚಕ್ರಗಳ ಮೇಲೆ ಹಾದ ಉಕ್ಕಿನ ಹಗ್ಗವೇ ಜನರನ್ನು ಕೆಳಗಿಳಿಸಿ ಅದಿರನ್ನು ಮೇಲೆತ್ತುತ್ತಿತ್ತು. ಸಾಲಾಗಿ ಕಟ್ಟಿದ ಕಾರ್ಮಿಕರ ‘ಲೈನ್’ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಜಗಲಿಯ ಮೇಲೆ ಕೇಳುತ್ತವೆ. 2018ರ ಸಿನಿಮಾದಿಂದಾಗಿ ಕೆ.ಜಿ.ಎಫ್. ಎಂಬ ಮೂರಕ್ಷರ ದೇಶಕ್ಕೆಲ್ಲ ಪರಿಚಯವಾಯಿತು. ಆದರೆ ಇಲ್ಲಿನ ಬೀದಿಯಲ್ಲಿ ಸಿಗುವುದು ಸಿನಿಮಾದಲ್ಲಿ ಕಾಣದ ಇನ್ನೊಂದು ಸಂಪತ್ತು: ಯಂತ್ರದ ಮಾತು ಅರ್ಥವಾಗುವ ಜನ.

ಈ ಜಾಣ್ಮೆ ಒಂದೆರಡು ದಿನದ್ದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿಗೆ ಬಂದಾಗಿನಿಂದ ಉಗಿಯಂತ್ರ, ಪಂಪು, ಎತ್ತುಯಂತ್ರ, ಒತ್ತಡದ ಗಾಳಿಯ ಬೈರಿಗೆ ಒಂದರ ಹಿಂದೊಂದು ಬಂದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ಇಲ್ಲಿನ ಗಣಿಗಳು ವಿದ್ಯುತ್ ಕಂಡವು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆ ಬುಲ್ಡೋಜರ್‌ಗಳನ್ನು ತಯಾರಿಸುವುದು ಈ ಊರಿನಲ್ಲೇ. ಹೀಗಾಗಿ ಮನೆಗೊಬ್ಬ ಫಿಟ್ಟರ್, ಬೀದಿಗೊಬ್ಬ ಟರ್ನರ್ ಎಂದರೆ ಅದು ಬರೀ ಹೊಗಳಿಕೆಯ ಮಾತಾಗುವುದಿಲ್ಲ.

ಕಾರಿನ ಕಾಯಿಲೆ

ಕಳೆದ ಬೇಸಿಗೆ ರಜೆಯಲ್ಲಿ ನಾನು ಅಕ್ಕನ ಮಗನನ್ನು ಕರೆದುಕೊಂಡು ಚಾಂಪಿಯನ್ ರೀಫ್ಸ್‌ಗೆ ಹೋದದ್ದು ಒಂದು ಹಳೆಯ ಕಾರಿನ ಕಾರಣಕ್ಕೆ. ಬಂಗಾರಪೇಟೆಯಲ್ಲಿರುವ ನಮ್ಮ ಭಾವನವರ ಬಳಿ ಇಪ್ಪತ್ತು ವರ್ಷ ಮೀರಿದ ಡೀಸೆಲ್ ಕಾರೊಂದಿದೆ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಅದರಲ್ಲಿ ತಿರುಪತಿಗೆ ಹೋಗಿಬರುವುದು ವಾಡಿಕೆ. ಈ ಸಲ ಹೊರಡಲು ಮೂರು ವಾರವಿದೆ ಎನ್ನುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರೆ ನೀರಿನ ಬದಲು ಹಾಲು ಬೆರೆಸಿದ ಕಾಫಿಯಂಥ ಕೊಳಕು ಗಸಿ. ಎಂಜಿನ್ ಆಯಿಲ್ ಮಟ್ಟವೂ ಕಮ್ಮಿಯಾಗಿತ್ತು.

ಮನೆಯ ಹತ್ತಿರದ ಮೆಕ್ಯಾನಿಕ್ ನೋಡಿ, “ಆಯಿಲ್ ಕೂಲರ್ ಹೋಗಿದೆ ಸಾರ್. ಹೊಸದು ಯಾಕೆ ಹಾಕ್ತೀರ? ತೆಗೆದೇ ಬಿಡೋಣ. ಉದ್ದ ಬೋಲ್ಟಿನ ಬದಲು ಗಿಡ್ಡ ಬೋಲ್ಟ್ ಕೊಟ್ಟು ಫಿಲ್ಟರನ್ನ ನೇರ ಎಂಜಿನ್‌ಗೆ ಕೂರಿಸ್ತೀನಿ, ನೀರಿನ ಎರಡು ಪೈಪನ್ನ ಒಂದಕ್ಕೊಂದು ಸೇರಿಸ್ತೀನಿ. ಒಂದು ಗಂಟೆ ಕೆಲಸ” ಎಂದಿದ್ದ. ಹೊಸ ಕೂಲರಿನ ಬೆಲೆ ವಿಚಾರಿಸಿ ಬಂದಿದ್ದ ಭಾವನವರಿಗೆ ಈ ಸಲಹೆ ಬಹಳ ಹಿಡಿಸಿತ್ತು. ಆದರೂ ಏನೋ ಅಳುಕು. “ನೀವು ಸೈನ್ಸ್ ಮೇಷ್ಟ್ರು, ಹೇಳಿ ನೋಡೋಣ, ತೆಗೀಬಹುದಾ?” ಎಂದು ನನ್ನನ್ನು ಕೇಳಿದರು. ಪಾಠ ಹೇಳುವುದು ಬೇರೆ, ಎಂಜಿನ್‌ಗೆ ಕೈ ಹಾಕುವುದು ಬೇರೆ. ಕೈ ಹಾಕಿ ಬಲ್ಲವರೊಬ್ಬರನ್ನು ಕೇಳೋಣವೆಂದು ಕಾರನ್ನು ಹಗ್ಗ ಕಟ್ಟಿ ಎಳೆಸಿ ಚಾಂಪಿಯನ್ ರೀಫ್ಸ್‌ಗೆ ಕಳುಹಿಸಿದೆವು. ಮರುದಿನ ನಾನೂ ಹುಡುಗನೂ ರೈಲಿನಲ್ಲಿ ಹೋದೆವು.

ಹುಡುಗನ ವಿಷಯವನ್ನೂ ಹೇಳಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಕುಳಿತಿದ್ದಾನೆ. ಅವನಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಸೇರುವಾಸೆ. ಅಪ್ಪನಿಗೆ ಮಗ ಪಿ.ಯು.ಸಿ. ಓದಿ ಕಂಪ್ಯೂಟರ್ ಮುಂದೆ ಕೂರಬೇಕೆಂಬ ಆಸೆ. “ಗ್ರೀಸ್ ಮೆತ್ತಿಕೊಳ್ಳೋಕೆ ಓದಬೇಕಾ?” ಎಂಬುದು ಭಾವನವರ ಪ್ರಶ್ನೆ.

ಎಣ್ಣೆಗೆ ಯಾಕೆ ತಂಪು?

ಮೊದಲು ಮೂಲ ಪ್ರಶ್ನೆ. ಎಂಜಿನ್ನಿನ ಲೋಹದ ಭಾಗಗಳು ಒಂದಕ್ಕೊಂದು ಉಜ್ಜದಂತೆ ಆಯಿಲ್ ಅವುಗಳ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಎರಡನೆಯ ಕೆಲಸ ಅಷ್ಟಾಗಿ ಗೊತ್ತಿಲ್ಲ. ರೇಡಿಯೇಟರಿನ ನೀರು ತಲುಪಲಾರದ ಪಿಸ್ಟನ್ನಿನ ತಳ, ಬೇರಿಂಗು ಮುಂತಾದ ಕಡೆಗಳಿಂದ ಶಾಖವನ್ನು ಹೊತ್ತು ತರುವುದೂ ಆಯಿಲ್ಲೇ. ಹೊತ್ತು ತಂದ ಶಾಖವನ್ನು ಎಲ್ಲಾದರೂ ಇಳಿಸಬೇಕಲ್ಲ? ಸಾಧಾರಣ ಕಾರುಗಳಲ್ಲಿ ಕೆಳಗಿನ ಆಯಿಲ್ ತೊಟ್ಟಿಗೆ ತಗಲುವ ಗಾಳಿಯೇ ಆ ಕೆಲಸಕ್ಕೆ ಸಾಕಾಗುತ್ತದೆ. ಹೆಚ್ಚು ದುಡಿಯುವ ಡೀಸೆಲ್ ಎಂಜಿನ್, ಟರ್ಬೊ ಇರುವ ಎಂಜಿನ್‌ಗಳಿಗೆ ಅಷ್ಟು ಸಾಲದು. ಅದಕ್ಕಾಗಿ ಆಯಿಲ್ ಕೂಲರ್.

ಇದರಲ್ಲಿ ಎರಡು ಬಗೆ. ಒಂದು, ಮುಂಭಾಗದಲ್ಲಿ ರೇಡಿಯೇಟರಿನ ತಮ್ಮನಂತೆ ಕೂತು ಗಾಳಿಗೆ ಶಾಖ ಕೊಡುವಂಥದು. ಇನ್ನೊಂದು, ಆಯಿಲ್ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಸಿದ ಚಪ್ಪಟೆ ಡಬ್ಬಿಯಂಥದು. ಈ ಡಬ್ಬಿಯೊಳಗೆ ತೆಳುವಾದ ಲೋಹದ ತಟ್ಟೆಗಳ ಒಂದು ಬದಿಯಲ್ಲಿ ಆಯಿಲ್, ಇನ್ನೊಂದು ಬದಿಯಲ್ಲಿ ರೇಡಿಯೇಟರಿನ ನೀರು ಹರಿಯುತ್ತವೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ತಟ್ಟೆಯನ್ನು ದಾಟುತ್ತದೆ. ಇದು ನಮ್ಮ ಪಠ್ಯದಲ್ಲಿ ಬರುವ ಉಷ್ಣವಹನವೇ. ಬೆಳಗಿನ ಚಳಿಯಲ್ಲಿ ಇದೇ ಡಬ್ಬಿ ಉಲ್ಟಾ ಕೆಲಸವನ್ನೂ ಮಾಡುತ್ತದೆ. ಎಂಜಿನ್ ಚಾಲೂ ಆದ ಮೇಲೆ ನೀರು ಬೇಗ ಬಿಸಿಯಾಗುತ್ತದೆ, ಆಯಿಲ್ ತಡವಾಗಿ. ಆಗ ನೀರೇ ಆಯಿಲ್ಲಿಗೆ ಬಿಸಿ ಕೊಡುತ್ತದೆ.

ಆಯಿಲ್ ಬಿಸಿಯಾದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಎರಡು ಸಣ್ಣ ಸೀಸೆಗಳಲ್ಲಿ ಹರಳೆಣ್ಣೆ ತುಂಬಿ. ಒಂದನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಸ್ನಾನದ ಬಿಸಿನೀರಿನಲ್ಲಿ ಹತ್ತು ನಿಮಿಷ ಇಡಿ. ಬಳಿಕ ಎರಡಕ್ಕೂ ಒಂದೊಂದು ಸಣ್ಣ ಗಾಜಿನ ಮಣಿ ಹಾಕಿ, ತಳ ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಬಿಸಿ ಎಣ್ಣೆಯಲ್ಲಿ ಮಣಿ ಸರ್ರನೆ ಇಳಿಯುತ್ತದೆ. ಎಣ್ಣೆಯ ಸ್ನಿಗ್ಧತೆ ಕಡಿಮೆಯಾಗಿದೆ ಎಂದು ಅರ್ಥ. ಬೇರಿಂಗಿನಲ್ಲಿ ಹೀಗಾದರೆ ನಡುವಿನ ಪದರ ತೆಳುವಾಗಿ ಲೋಹಕ್ಕೆ ಲೋಹ ತಾಗುತ್ತದೆ. ಇನ್ನೊಂದು ಹಾನಿ ನಿಧಾನದ್ದು. ಬಿಸಿ ಹೆಚ್ಚಿದಂತೆ ಆಯಿಲ್ ಆಮ್ಲಜನಕದೊಡನೆ ಬೇಗ ಸೇರಿ ಕೆಡುತ್ತದೆ. ಪ್ರತಿ ಹತ್ತು ಡಿಗ್ರಿ ಏರಿಕೆಗೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದವರ ಒಂದು ಸ್ಥೂಲ ಲೆಕ್ಕ.

ಮೇಸ್ತ್ರಿಯ ಶೆಡ್ಡಿನಲ್ಲಿ

ನಾವು ಹುಡುಕಿಕೊಂಡು ಹೋದ ಮೇಸ್ತ್ರಿಗೆ ಅರವತ್ತು ದಾಟಿದೆ. ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ತಗಡಿನ ಶೆಡ್ಡೊಂದನ್ನು ಹಾಕಿಕೊಂಡು ಗಾಡಿ ರಿಪೇರಿಗೆ ಇಳಿದರು. ಶೆಡ್ಡಿನ ಗೋಡೆಯಲ್ಲಿ ಸ್ಪ್ಯಾನರುಗಳು ಸೈಜಿನ ಪ್ರಕಾರ ಸಾಲಾಗಿ ತೂಗುತ್ತಿವೆ. ಪ್ರತಿಯೊಂದರ ಹಿಂದೆ ಅದರದೇ ಆಕಾರದ ಬಣ್ಣದ ಗುರುತು; ಯಾವುದಾದರೂ ಮರಳಿ ಬರದಿದ್ದರೆ ಗೋಡೆಯೇ ಹೇಳುತ್ತದೆ. “ಕೆಳಗೆ ಒಂದು ಸ್ಪ್ಯಾನರ್ ಬಿಟ್ಟು ಬಂದರೆ ಇನ್ನೊಬ್ಬನ ತಲೆ ಮೇಲೆ ಬೀಳ್ತದೆ ಸಾರ್. ಅಲ್ಲಿ ಕಲಿತಿದ್ದು” ಎಂದರು. ಅವರ ಕನ್ನಡದಲ್ಲಿ ತಮಿಳಿನ ಎಳೆತವಿತ್ತು, ಮಾತಿನಲ್ಲಿ ಅವಸರವಿರಲಿಲ್ಲ.

ಅವರು ಕೂಲರ್ ಕೆಟ್ಟಿದೆ ಎಂಬ ಮಾತನ್ನು ಹಾಗೇ ಒಪ್ಪಲಿಲ್ಲ. ನೀರಿನಲ್ಲಿ ಆಯಿಲ್ ಕಂಡರೆ ಕಾರಣ ಕೂಲರ್ ಇರಬಹುದು, ಹೆಡ್ ಗ್ಯಾಸ್ಕೆಟ್ ಇರಬಹುದು, ಎಂಜಿನ್ ತಲೆಯಲ್ಲಿನ ಬಿರುಕೂ ಇರಬಹುದು. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಚಾಲೂ ಮಾಡಿಸಿ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಹಿಂದಿನ ಕೊಳವೆಯಲ್ಲಿ ಬಿಳಿ ಹೊಗೆಯೂ ಇರಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಹುಡುಗನ ಕೈಗೆ ಕೊಟ್ಟು, “ಇದರಲ್ಲಿ ನೀರಿದೆಯಾ ನೋಡಪ್ಪ” ಎಂದರು. ಆಯಿಲ್ ಕಪ್ಪಾಗಿತ್ತು, ಹಾಲಿನ ಬಣ್ಣವಿರಲಿಲ್ಲ.

“ನೀರಿಗೆ ಆಯಿಲ್ ಹೋಗಿದೆ. ಆಯಿಲ್ಲಿಗೆ ನೀರು ಯಾಕೆ ಬಂದಿಲ್ಲ?” ಎಂದು ಹುಡುಗ ಕೇಳಿದ. ಪ್ರಶ್ನೆ ಒಳ್ಳೆಯದೇ. ಉತ್ತರ ಒತ್ತಡದಲ್ಲಿದೆ. ಓಡುವ ಎಂಜಿನ್ನಿನಲ್ಲಿ ಆಯಿಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ ಮೂರು ನಾಲ್ಕು ಕಿಲೋದಷ್ಟಿದ್ದರೆ, ನೀರಿನದು ಸುಮಾರು ಒಂದು ಕಿಲೋ. ತಟ್ಟೆಯಲ್ಲಿ ಬಿರುಕು ಬಿದ್ದರೆ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಆಯಿಲ್ ಒತ್ತಡ ಸೊನ್ನೆಗೆ ಇಳಿಯುತ್ತದೆ. ಬಿಸಿನೀರಿನ ಒತ್ತಡ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಆಗ ನೀರು ಆಯಿಲ್ಲಿಗೆ ನುಗ್ಗಬಹುದು. ಬಿರುಕು ಸಣ್ಣದಿದ್ದುದರಿಂದ ಇಲ್ಲಿ ಅದು ಇನ್ನೂ ಆಗಿರಲಿಲ್ಲ. ತಿಂಗಳು ಬಿಟ್ಟಿದ್ದರೆ ಆಗುತ್ತಿತ್ತು. ನೀರು ಸೇರಿದ ಆಯಿಲ್ಲಿನಿಂದ ಬೇರಿಂಗ್ ಹಾಳಾಗಲು ಹೆಚ್ಚು ದಿನ ಬೇಕಿಲ್ಲ.

ಕೂಲರನ್ನು ಬಿಚ್ಚಿ ತೆಗೆದು, ಅದರ ಆಯಿಲ್ ದಾರಿಯ ಒಂದು ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದಕ್ಕೆ ಪಂಕ್ಚರ್ ಅಂಗಡಿಯ ಗಾಳಿ ಕೊಳವೆ ಜೋಡಿಸಿ, ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು. ತಣ್ಣೀರಿನಲ್ಲಿ ಬಿಗಿದುಕೊಂಡಿರುವ ಬಿರುಕು ಲೋಹ ಹಿಗ್ಗಿದಾಗ ಬಾಯಿ ಬಿಡುತ್ತದೆ, ಅದಕ್ಕೇ ಬಿಸಿನೀರು. ನೀರಿನ ಕಡೆಯ ಕೊಳವೆಯಿಂದ ಗುಳ್ಳೆಗಳ ಸಾಲು ಮೇಲೆ ಬಂತು. ಇನ್ನು ಅನುಮಾನವಿರಲಿಲ್ಲ.

ಬಿರುಕಿಗೆ ಕಾರಣವನ್ನೂ ಅವರು ಬೆರಳಿನಲ್ಲಿ ಉಜ್ಜಿ ತೋರಿಸಿದರು. ನೀರಿನ ಕೊಳವೆಯ ಒಳಗೆ ಸುಣ್ಣದಂಥ ಬಿಳಿಯ ಪದರ. “ಎಷ್ಟು ವರ್ಷದಿಂದ ಬೋರ್‌ವೆಲ್ ನೀರು ಹಾಕಿದ್ದಾರೆ?” ಎಂದು ಕೇಳಿದರು. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸು ಇಲ್ಲಿನ ಗೃಹಿಣಿಯರಿಗೆಲ್ಲ ಗೊತ್ತು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಅದೇ ಲವಣಗಳು ಕೂಲರಿನೊಳಗೆ ಕೂತು ಲೋಹವನ್ನು ತಿಂದಿದ್ದವು.

ನೆಲದಡಿಯ ಬಿಸಿ

ಟೀ ಬಂತು. ಭಾವನವರ ಪ್ರಶ್ನೆಯನ್ನು ನಾನು ಮೇಸ್ತ್ರಿಯ ಮುಂದಿಟ್ಟೆ: ಕೂಲರನ್ನು ತೆಗೆದೇಬಿಟ್ಟರೆ ಏನು? ಅವರು ನೇರ ಉತ್ತರ ಕೊಡಲಿಲ್ಲ. ಶೆಡ್ಡಿನ ಆಚೆ ಕಾಣುವ ಉಕ್ಕಿನ ಗೋಪುರದ ಕಡೆ ಕೈ ತೋರಿಸಿ, “ಅದರ ಕೆಳಗೆ ಗಾಳಿ ತಂಪು ಮಾಡೋದನ್ನ ನಿಲ್ಲಿಸಿದ್ರೆ ಎಷ್ಟು ಹೊತ್ತು ಕೆಲಸ ಮಾಡ್ತಿದ್ದೆವು ಅಂತ ಕೇಳಿ ಸಾರ್” ಎಂದರು.

ಈ ಮಾತಿನಲ್ಲಿ ಚಾಂಪಿಯನ್ ರೀಫ್ ಗಣಿಯ ಕಥೆಯ ಬಹುಭಾಗ ಅಡಗಿದೆ. ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿದ್ದ ಈ ಗಣಿ ಪ್ರಪಂಚದ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿತ್ತು. ಊರು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದಲ್ಲಿದ್ದರೂ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿ.ಮೀ.ಗೂ ಹೆಚ್ಚು ಕೆಳಗಿತ್ತು. ಅಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಬರಿಗೈಯನ್ನು ಬಂಡೆಯ ಮೇಲೆ ಇಟ್ಟುಕೊಂಡಿರಲು ಆಗುತ್ತಿರಲಿಲ್ಲ ಎಂದು ಮೇಸ್ತ್ರಿ ನೆನೆದರು.

ಮೇಲಿನಿಂದ ಗಾಳಿ ಊದಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸೀತು. ಇಲ್ಲಿಯೇ ಭೌತಶಾಸ್ತ್ರದ ಒಂದು ಸೊಗಸಾದ ಪಾಠವಿದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಗಣಿಯೊಳಗೆ ಇಳಿಯುವ ಗಾಳಿಯೂ ತನ್ನ ಮೇಲಿರುವ ಗಾಳಿಯ ಭಾರದಿಂದ ಒತ್ತಿಸಿಕೊಳ್ಳುತ್ತ ಹೋಗುತ್ತದೆ. ಒಣಗಾಳಿಯಾದರೆ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಮೂರು ಕಿ.ಮೀ. ಇಳಿಯುವಷ್ಟರಲ್ಲಿ ಮೂವತ್ತು ಡಿಗ್ರಿ! ಮೇಲೆ 28 ಡಿಗ್ರಿ ಇದ್ದ ಗಾಳಿ, ಬಂಡೆಯನ್ನು ಮುಟ್ಟುವ ಮೊದಲೇ 58ರ ಹತ್ತಿರ ಬರಬೇಕು. ದಾರಿಯಲ್ಲಿ ಗೋಡೆಯ ತೇವ ಆವಿಯಾಗುವುದರಿಂದ ಏರಿಕೆ ಅಷ್ಟಾಗುವುದಿಲ್ಲ. ಆದರೆ ಆ ತೇವ ಗಾಳಿಗೆ ಸೇರಿ ಬೆವರು ಆರದಂತೆ ಮಾಡುತ್ತದೆ. ಬೆವರು ಆರದಿದ್ದರೆ ಮನುಷ್ಯನ ದೇಹಕ್ಕೆ ತನ್ನ ಶಾಖವನ್ನು ಹೊರಹಾಕುವ ದಾರಿಯೇ ಮುಚ್ಚಿದಂತೆ.

ಆದ್ದರಿಂದ ಇಲ್ಲಿ ನೆಲದ ಮೇಲೆಯೇ ಶೈತ್ಯಯಂತ್ರಗಳನ್ನು ಹೂಡಿ, ಗಾಳಿಯ ಶಾಖವನ್ನೂ ತೇವವನ್ನೂ ತೆಗೆದು, ತಂಪಾದ ಗಾಳಿಯನ್ನು ಕೆಳಕ್ಕೆ ಕಳಿಸುತ್ತಿದ್ದರು. ನಮ್ಮ ಕಾರಿನ ಕೂಲರಿಗೂ ಇದಕ್ಕೂ ಗಾತ್ರದಲ್ಲಿ ಅಜಗಜಾಂತರ, ತತ್ತ್ವ ಮಾತ್ರ ಒಂದೇ. ಶಾಖವನ್ನು ಇಲ್ಲವಾಗಿಸಲು ಯಾರಿಂದಲೂ ಆಗುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೇ.

ಇಷ್ಟು ಆಳದಲ್ಲಿ ಮನುಷ್ಯ ಕೆಲಸ ಮಾಡಲು ಸಾಧ್ಯವಾದುದರಿಂದ ವಿಜ್ಞಾನಕ್ಕೂ ಲಾಭವಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ಇದೇ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನಿಟ್ಟು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹು ಹಿಡಿದರು. ಅದೇ ಹೊತ್ತಿನಲ್ಲಿ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಇಂಥ ಕುರುಹು ಸಿಕ್ಕಿತು. ಬಂಡೆಗಳ ವರ್ತನೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೂ 1988ರಲ್ಲಿ ಹುಟ್ಟಿದ್ದು ಚಾಂಪಿಯನ್ ರೀಫ್ಸ್‌ನಲ್ಲೇ. ಒತ್ತಡಕ್ಕೆ ಸಿಕ್ಕಿದ ಬಂಡೆ ಸಿಡಿದು ಪ್ರಾಣ ತೆಗೆದುಕೊಂಡ ಊರಿನಲ್ಲಿ ಇಂಥ ಸಂಸ್ಥೆ ಹುಟ್ಟಿದ್ದು ಸಹಜವೇ.

ತೆಗೆಯುವುದೋ, ಬದಲಿಸುವುದೋ?

ಕೂಲರ್ ತೆಗೆದುಹಾಕುವುದು ಎಲ್ಲ ಸಂದರ್ಭದಲ್ಲೂ ತಪ್ಪಲ್ಲ ಎಂಬುದನ್ನೂ ಮೇಸ್ತ್ರಿ ವಿವರಿಸಿದರು. ಮೂಲದಲ್ಲಿ ಕೂಲರ್ ಇಲ್ಲದೆ ತಯಾರಾದ ಪೆಟ್ರೋಲ್ ಕಾರಿಗೆ ಮಾಲೀಕ ಯಾವಾಗಲೋ ಹೊರಗಿನಿಂದ ಹಾಕಿಸಿದ್ದು ಸೋರುತ್ತಿದ್ದರೆ, ತೆಗೆದು ಮೊದಲಿನಂತೆ ಮಾಡಬಹುದು. ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಸೇರುವಷ್ಟು ದೂರ ನಿಧಾನವಾಗಿ ಓಡಿಸಲು ತಾತ್ಕಾಲಿಕವಾಗಿ ಜೋಡಿಸಿಕೊಳ್ಳಬಹುದು. ಎಂಜಿನ್ ಮಾಡಿದವರೇ ಲೆಕ್ಕ ಹಾಕಿ ಇಟ್ಟ ಕೂಲರನ್ನು ತೆಗೆದು ವರ್ಷಗಟ್ಟಲೆ ಓಡಿಸುವುದು ಬೇರೆಯ ಮಾತು.

ಗಾಳಿಗೆ ತಂಪಾಗುವ ಬಗೆಯ ಕೂಲರಿನಲ್ಲಿ ಇನ್ನೊಂದು ಅಪಾಯವುಂಟು. ಸೋರುವ ಎರಡು ಕೊಳವೆಗಳ ಬಾಯಿಗೆ ಬಿರಟೆ ಜಡಿದುಬಿಡುವವರಿದ್ದಾರೆ. ಎಲ್ಲ ಆಯಿಲ್ಲೂ ಕೂಲರ್ ಮೂಲಕವೇ ಹಾದು ಬೇರಿಂಗಿಗೆ ಹೋಗುವ ಎಂಜಿನ್ ಆಗಿದ್ದು, ಬದಲಿ ದಾರಿಯ ವಾಲ್ವ್ ಇಲ್ಲದಿದ್ದರೆ, ಬಿರಟೆ ಜಡಿದ ಕ್ಷಣದಿಂದ ಬೇರಿಂಗುಗಳಿಗೆ ಆಯಿಲ್ಲೇ ಸಿಗುವುದಿಲ್ಲ. ಎಂಜಿನ್ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ.

ಕೂಲರ್ ಎಲ್ಲಿರಬೇಕು ಎಂಬುದೂ ಸಣ್ಣ ವಿಷಯವಲ್ಲ. ಜಗತ್ಪ್ರಸಿದ್ಧ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಪೂರಾ ಗಾಳಿಯಿಂದಲೇ ತಂಪಾಗುವಂಥದು. ಅದರ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೇ ನಿಂತು ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗುತ್ತಿತ್ತು. ಹೀಗಾಗಿ ಆ ಸಿಲಿಂಡರ್ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತಿತ್ತು. 1970ರ ದಶಕದ ಆರಂಭದಲ್ಲಿ ತಯಾರಕರು ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆಂದೇ ಬೇರೆ ಗೂಡು ಮಾಡಿದರು. ತೊಂದರೆ ಕೊಡುತ್ತಿದ್ದರೂ ತೆಗೆದುಹಾಕಲಿಲ್ಲ, ಜಾಗ ಬದಲಿಸಿದರು ಎಂಬುದನ್ನು ಗಮನಿಸಬೇಕು.

ನಮ್ಮ ಕಾರಿನ ವಿಷಯಕ್ಕೆ ಬಂದರೆ, ಪೇಟೆಯೊಳಗೆ ತರಕಾರಿ ತರಲು ಓಡಾಡಿದರೆ ಕೂಲರ್ ಇಲ್ಲದ್ದು ಗೊತ್ತೇ ಆಗದು. ಗೊತ್ತಾಗುವುದು ತಿರುಪತಿ ದಾರಿಯಲ್ಲಿ. ಕೆ.ಜಿ.ಎಫ್.ನಿಂದ ಬೇತಮಂಗಲ, ವಿ. ಕೋಟ, ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿ. ಹೋಗುವಾಗ ಅದು ಇಳಿಜಾರು. ಆಮೇಲೆ ತಿರುಮಲೆಯ ಬೆಟ್ಟದ ಏರು, ಬರುವಾಗ ಮತ್ತೆ ಮೊಗಿಲಿಯ ಏರು. ಮೇ ತಿಂಗಳ ಮಧ್ಯಾಹ್ನ, ಏಳು ಜನ, ಸಾಮಾನು, ಕೆಳಗಿನ ಗೇರ್. ಎಂಜಿನ್ ಹೆಚ್ಚು ಶಾಖ ಹುಟ್ಟಿಸುವುದೂ ಎದುರಿನ ಗಾಳಿ ಕಡಿಮೆಯಾಗುವುದೂ ಅಲ್ಲಿ ಒಟ್ಟಿಗೇ ನಡೆಯುತ್ತದೆ. ಕಾರಿನಲ್ಲಿರುವ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು ಮಾತ್ರ. ಆಯಿಲ್ಲಿನ ಬಿಸಿಯನ್ನು ತೋರಿಸುವ ಮುಳ್ಳು ಇಂಥ ಕಾರುಗಳಲ್ಲಿ ಇರುವುದಿಲ್ಲ. ಅಪಾಯ ಏರುತ್ತಿದ್ದರೂ ಮುಂದೆ ಕೂತವರಿಗೆ ಏನೂ ಕಾಣುವುದಿಲ್ಲ.

“ಸೋರೋದನ್ನ ತೆಗೆದು ಬಿಸಾಕೋದು ಸುಲಭ ಸಾರ್. ಅದು ಇಷ್ಟು ದಿನ ಏನು ಕೆಲಸ ಮಾಡ್ತಿತ್ತು, ನಾಳೆ ಆ ಕೆಲಸ ಯಾರು ಮಾಡ್ತಾರೆ ಅಂತ ಮೊದಲು ಕೇಳ್ಕೋಬೇಕು” ಎಂದರು ಮೇಸ್ತ್ರಿ. ನಾನು ಅಲ್ಲಿಂದಲೇ ಭಾವನವರಿಗೆ ಫೋನ್ ಮಾಡಿ ಮೊಗಿಲಿ ಘಾಟಿಯ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, “ಹೊಸದೇ ಹಾಕ್ಸಿ” ಎಂದರು.

ಕೆಲಸ ನಡೆದ ಬಗೆ

ಬೆಂಗಳೂರಿನಿಂದ ಹೊಸ ಕೂಲರ್ ತರಿಸಲು ಎರಡು ದಿನ ಹಿಡಿಯಿತು. ಜೋಡಿಸುವ ದಿನ ಹುಡುಗ ಬೆಳಿಗ್ಗೆಯೇ ಶೆಡ್ಡಿನಲ್ಲಿದ್ದ. ಅವನು ಕಂಡ ಕ್ರಮ ಇದು.

ಕಾರಿನ ಕೆಳಗೆ ಹೋಗುವ ಮೊದಲು ಉಕ್ಕಿನ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ತೂರಬಾರದು. ಹಳೆಯ ಆಯಿಲ್ಲನ್ನೂ ನೀರನ್ನೂ ಬೇರೆ ಬೇರೆ ಪಾತ್ರೆಗಳಿಗೆ ಇಳಿಸಿದ್ದಾಗಿತ್ತು. ಕೂಲರ್ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಹಳೆಯ ಓ-ರಿಂಗ್ ಅಲ್ಲಿಯೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿದರು. ಹಳೆಯ ರಿಂಗಿನ ಮೇಲೆ ಹೊಸದು ಕೂತರೆ ಅಲ್ಲೇ ಸೋರುತ್ತದೆ. ಹೊಸ ರಿಂಗಿಗೆ ಸ್ವಚ್ಛವಾದ ಆಯಿಲ್ ಸವರಿ ಕೂರಿಸಿದರು. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಅಳತೆಯ ಸ್ಪ್ಯಾನರಿನಿಂದ ಹೇಳಿದಷ್ಟೇ ಬಿಗಿದರು. “ಅಲ್ಯೂಮಿನಿಯಂ ಮರೆ ಇದು. ತಾಕತ್ತು ತೋರಿಸಿದರೆ ಕಿತ್ತು ಬರ್ತದೆ” ಎಂಬುದು ಹುಡುಗನಿಗೆ ಸಿಕ್ಕ ಎಚ್ಚರಿಕೆ. ಮೇಲೆ ಹೊಸ ಫಿಲ್ಟರ್.

ದೊಡ್ಡ ಕೆಲಸವೆಂದರೆ ತೊಳೆಯುವುದು. ರೇಡಿಯೇಟರ್, ಕೊಳವೆ, ಎಂಜಿನ್ನಿನ ನೀರಿನ ದಾರಿ ಎಲ್ಲೆಡೆ ಆಯಿಲ್ ಅಂಟಿತ್ತು. ಸೋಪಿನ ಪುಡಿ ಬೆರೆಸಿದ ಬಿಸಿನೀರು ತುಂಬಿ ಎಂಜಿನ್ ಓಡಿಸಿ, ತಣಿಯಲು ಬಿಟ್ಟು, ಖಾಲಿ ಮಾಡಿದರು. ಹೀಗೆ ಐದು ಸಲ. ಸೋಪಿನ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದು ತುದಿಗೆ ಎಣ್ಣೆ ಪ್ರಿಯ ಎಂದು ನಾನು ಕರಿಹಲಗೆಯ ಮೇಲೆ ಎಷ್ಟೋ ವರ್ಷದಿಂದ ಚಿತ್ರ ಬರೆಯುತ್ತ ಬಂದಿದ್ದೇನೆ. ಐದನೆಯ ಬಕೆಟ್ಟಿನ ನೀರು ತಿಳಿಯಾದಾಗ ಹುಡುಗನ ಮುಖ ನೋಡಬೇಕಿತ್ತು. ಆಯಿಲ್ ಕುಡಿದು ಉಬ್ಬಿದ್ದ ರಬ್ಬರ್ ಕೊಳವೆಗಳನ್ನು ಬದಲಿಸಿ, ಕೊನೆಗೆ ಬೋರ್‌ವೆಲ್ ನೀರಿನ ಬದಲು ಶುದ್ಧೀಕರಿಸಿದ ನೀರು ಬೆರೆಸಿದ ಕೂಲೆಂಟ್ ತುಂಬಿದರು.

ಹೊಸ ಆಯಿಲ್ ಹಾಕಿದ ಮೇಲೂ ತಕ್ಷಣ ಚಾಲೂ ಮಾಡಲಿಲ್ಲ. ಡೀಸೆಲ್ ನಿಲ್ಲಿಸುವ ತಂತಿಯನ್ನು ಕಳಚಿ, ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಿದರು. ಖಾಲಿಯಿದ್ದ ಕೂಲರ್, ಫಿಲ್ಟರ್ ತುಂಬಿ ಆಯಿಲ್ ಒತ್ತಡದ ಕೆಂಪು ದೀಪ ಆರಿದ ಮೇಲಷ್ಟೇ ತಂತಿ ಜೋಡಿಸಿ ಚಾಲೂ ಮಾಡಿದ್ದು. ಹತ್ತು ನಿಮಿಷ ಓಡಿಸಿ, ಜೋಡಣೆಗಳ ಸುತ್ತ ಬಿಳಿ ಕಾಗದ ಒತ್ತಿ ನೋಡಿದರು. ಕಾಗದ ಒಣಗಿಯೇ ಇತ್ತು. ಆಯಿಲ್ ಮಟ್ಟ ನೋಡಿ ಅರ್ಧ ಲೀಟರ್ ಸೇರಿಸಿದರು.

ಹಳೆಯ ಆಯಿಲ್ಲನ್ನು ಚರಂಡಿಗೆ ಚೆಲ್ಲಲಿಲ್ಲ ಎಂಬುದನ್ನು ಬರೆಯಲೇಬೇಕು. ಸೋಪುನೀರಿನ ಮೇಲೆ ತೇಲಿದ ಎಣ್ಣೆಯನ್ನೂ ಕೆನೆ ತೆಗೆಯುವಂತೆ ತೆಗೆದು ಡ್ರಮ್ಮಿಗೆ ಹಾಕಿದರು. ಡ್ರಮ್ಮು ತುಂಬಿದಾಗ ಮರುಶುದ್ಧಿ ಮಾಡುವವರು ಬಂದು ಒಯ್ಯುತ್ತಾರಂತೆ. ಈ ಗಣಿಯೂರಿಗೆ ಬೇತಮಂಗಲದ ಕೆರೆಯಿಂದ, ಅಂದರೆ ಪಾಲಾರ್ ಹೊಳೆಯ ನೀರನ್ನು, ಕೊಳವೆಯಲ್ಲಿ ತಂದು ಬದುಕಿದ ತಲೆಮಾರಿನವರು ಅವರು. ನೀರಿನ ಬೆಲೆ ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ.

ನೀರು ತುಂಬಿದ ಸುರಂಗಗಳು

ಸಂಜೆ ಮೇಸ್ತ್ರಿ ನಮ್ಮನ್ನು ದಿಬ್ಬದ ಪಕ್ಕದ ರಸ್ತೆಯಲ್ಲಿ ಒಂದಿಷ್ಟು ದೂರ ನಡೆಸಿಕೊಂಡು ಹೋದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡದ್ದು, 1962ರಲ್ಲಿ ಕೇಂದ್ರಕ್ಕೆ ಹೋದದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದದ್ದು ಎಲ್ಲವೂ ಅವರ ಬಾಯಲ್ಲಿ ಮನೆತನದ ಕಥೆಯಂತೆ ಬಂತು. ಒಟ್ಟು 800 ಟನ್ನಿನಷ್ಟು ಚಿನ್ನ ಕೊಟ್ಟ ನೆಲದಲ್ಲಿ ಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಮೂರು ಗ್ರಾಂನಷ್ಟು. ಖರ್ಚು ಹುಟ್ಟುತ್ತಿರಲಿಲ್ಲ ಎಂಬುದನ್ನು ಅವರೂ ಒಪ್ಪುತ್ತಾರೆ.

“ಮುಚ್ಚಿದ್ದಕ್ಕೆ ಅಲ್ಲ ಸಾರ್ ಬೇಜಾರು, ಪಂಪು ನಿಲ್ಲಿಸಿದ್ದಕ್ಕೆ” ಎಂದರು. ಹಗಲು ರಾತ್ರಿ ನೀರೆತ್ತುತ್ತಿದ್ದ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರುತ್ತ ಬಂತು. ಅವರೇ ಜೋಡಿಸಿದ ಯಂತ್ರಗಳು, ನ್ಯೂಟ್ರಿನೊ ಹಿಡಿದ ಕೋಣೆ, ಎಲ್ಲ ಆ ನೀರಿನಡಿ ಸೇರಿದವು.

ಬಂಗಾರಪೇಟೆಗೆ ಹಿಂದಿರುಗಿದ ಮೇಲೆ ಹುಡುಗ ಅಪ್ಪನಿಗೆ ಒತ್ತಡದ ವಿಷಯ, ಮೊಗಿಲಿ ಘಾಟಿಯ ವಿಷಯ, ಕೆಂಪು ದೀಪ ಆರುವವರೆಗೆ ಕಾದ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಎರಡು ಅಧ್ಯಾಯ ಭೌತಶಾಸ್ತ್ರ, ಒಂದು ಅಧ್ಯಾಯ ರಸಾಯನಶಾಸ್ತ್ರ ಅವನ ಉಗುರಿನ ಕಪ್ಪಿನ ಜೊತೆಯಲ್ಲೇ ಬಂದಿತ್ತು. ಭಾವನವರು ಕೇಳಿಸಿಕೊಂಡರು. ಡಿಪ್ಲೊಮಾ ಅರ್ಜಿಗೆ ಸಹಿ ಬಿದ್ದದ್ದು ತಿರುಪತಿಗೆ ಹೋಗಿ ಬಂದ ಮೇಲೆ. ಮಕ್ಕಳು ಏನು ಓದಬೇಕೆಂದು ನಾನು ಯಾವ ತಂದೆತಾಯಿಗೂ ಹೇಳುವುದಿಲ್ಲ. ಸಹಿ ಮಾಡುವ ಮೊದಲು ಒಂದು ದಿನ ಅಂಥ ಶೆಡ್ಡಿನಲ್ಲಿ ಅವರೂ ಕೂತು ನೋಡಲಿ ಎಂದಷ್ಟೇ ಹೇಳಬಲ್ಲೆ.

ಚಾಂಪಿಯನ್ ರೀಫ್ಸ್ ನೋಡಬೇಕೆನ್ನುವವರಿಗೆ ಒಂದೆರಡು ಮಾತು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಚಾಂಪಿಯನ್‌ನಲ್ಲಿ ಇಳಿಯಿರಿ. ಬೆಳಿಗ್ಗೆಯೇ ಹೋದರೆ ಬಿಸಿಲಿನ ಕಾಟವಿಲ್ಲ. ಗಣಿಯ ಆವರಣಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಹಳೆಯ ಬಾವಿಗಳ ಬಳಿ ಸುಳಿಯುವುದೂ ಬೇಡ. ಸೈನೈಡ್ ದಿಬ್ಬಗಳನ್ನು ದೂರದಿಂದ ನೋಡಿ, ಗಾಳಿ ಜೋರಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳಿದ್ದರೆ ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ಹೋಗಿಬರಬಹುದು. ಉಕ್ಕಿನ ಗೋಪುರದ ನೆರಳಿನಲ್ಲಿ ಕೂತ ಹಿರಿಯರು ಯಾರಾದರೂ ಸಿಕ್ಕರೆ, ಕೆಳಗೆ ಎಷ್ಟು ಬಿಸಿಯಿತ್ತು ಎಂದು ಕೇಳಿ. ಟೀಗೆ ಹೇಳಿ ಕೂತುಕೊಳ್ಳಿ. ಮುಂದಿನ ರೈಲಿಗೆ ಇನ್ನೂ ಹೊತ್ತಿರುತ್ತದೆ.